ಖಂಡೇಪೂಜೆಗೆ ತೊಳೆದ ಲೋಳೆ

ತಾರಿಹಾಳದ ಕಾರ್ಖಾನೆಗಳ ನಡುವಿನ ಶೆಡ್ಡಿನಲ್ಲಿ ಸಮುದ್ರದ ಮೀನಿನ ಮರಿ ಸಾಕುತ್ತೇನೆ ಅಂದರೆ ನಮ್ಮ ಊರು ಹೆಬ್ಬಳ್ಳಿಯ ಜನ ಮೊದಲು ನಗುತ್ತಿದ್ದರು, ನನ್ನ ಮುಖ ನೋಡಿ ಆಮೇಲೆ ಸುಮ್ಮನಾಗುತ್ತಿದ್ದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. "ಸಮುದ್ರ ಎಲ್ಲೈತಿ, ನೀ ಎಲ್ಲಿದ್ದಿ?" ಅಂತ ನಮ್ಮ ಚಿಗವ್ವ ಕೇಳಿದ್ದಕ್ಕೆ, "ಟ್ಯಾಂಕರಿನಾಗ ಐತಿ, ಬಾ ತೋರಸ್ತೇನಿ" ಅಂದಿದ್ದೆ. ಅದು ಸುಳ್ಳೇನಲ್ಲ. ಕಾರವಾರದ ಕಡೆಯಿಂದ ಅರಬೈಲ್ ಘಾಟು ಹತ್ತಿ ಟ್ಯಾಂಕರಿನಲ್ಲಿ ಉಪ್ಪುನೀರು ಬರುತ್ತಿತ್ತು. ಕರಾವಳಿಯ ಮರಿಕೇಂದ್ರವೊಂದರಿಂದ, ಹುಟ್ಟಿ ಎರಡು ದಿನವಾದ ಸೀಬಾಸ್ ಮರಿಗಳು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತಿದ್ದವು. ಕಾರವಾರದವರು ಇದೇ ಮೀನಿಗೆ ಚೋಣಕ ಅನ್ನುತ್ತಾರೆ. ಅವನ್ನು ಬೆರಳುದ್ದ ಬೆಳೆಸಿ ಕೆರೆ, ಹೊಂಡದವರಿಗೆ ಕೊಡುವುದು ನಮ್ಮ ಕೆಲಸ.

ಶೆಡ್ಡಿನ ಒಡೆಯರು ಅರಳೆ ವ್ಯಾಪಾರದ ಮನೆತನದವರು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಮೊಟ್ಟೆಯ ವಾಸನೆಯೂ ಆಗದು. "ನಾ ತಿನ್ನೂದಿಲ್ರಿ, ಆದ್ರ ಸಾಕಾಕ ಯಾರ ಬ್ಯಾಡ ಅಂತಾರ?" ಅಂತ ನಗುತ್ತಿದ್ದರು. ನಾವೆಲ್ಲ ಅವರನ್ನು ಸಾಹುಕಾರರು ಅಂತಲೇ ಕರೆಯುತ್ತಿದ್ದೆವು. ನಾನು ಧಾರವಾಡದಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಮರಿಗಳಿಗೆ ರೋಗ ಬರದಂತೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಇನ್ನು ಮೂರನೆಯವರು ಕಾಕಾ. ಅರವತ್ತು ದಾಟಿದ ಮೆಕ್ಯಾನಿಕ್, ತಾರಿಹಾಳದ ನಾಲ್ಕಾರು ಕಾರ್ಖಾನೆಗಳಲ್ಲಿ ಕೈ ಕಪ್ಪು ಮಾಡಿಕೊಂಡು ಕಡೆಗೆ ನಮ್ಮಲ್ಲಿಗೆ ಬಂದವರು. ಶೆಡ್ಡಿನ ಪ್ರತಿ ಪೈಪು, ಪ್ರತಿ ಪಂಪು ಅವರು ಕೂಡಿಸಿದ್ದು. ಮರಿಗಳಿಗೆ ಅವರು 'ಮಕ್ಳು' ಅನ್ನುತ್ತಿದ್ದರು. ನಮಾಜಿಗೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ತೊಟ್ಟಿಯಲ್ಲಿ ಇಣುಕುತ್ತಿದ್ದರು.

ಮೊದಲನೆಯ ಸಲ ತಂದ ಮರಿಗಳು ಒಂಬತ್ತನೆಯ ದಿನಕ್ಕೆ ಸತ್ತುಹೋದವು. ಹುಟ್ಟಿದ ಹೊಸದರಲ್ಲಿ ಅವು ರೆಪ್ಪೆಯ ಕೂದಲಿನ ತುಂಡಿನಷ್ಟು ಇರುತ್ತವೆ, ಮೈಯೆಲ್ಲ ಗಾಜು, ಕಣ್ಣು ಮಾತ್ರ ಕಪ್ಪು ಚುಕ್ಕೆ. ಒಣ ಆಹಾರ ತಿನ್ನುವ ಶಕ್ತಿ ಇರುವುದಿಲ್ಲ. ರೋಟಿಫರ್ ಎಂಬ ಕಣ್ಣಿಗೆ ಕಂಡೂ ಕಾಣದ ಜೀವಿಯನ್ನು ಬೇರೆ ತೊಟ್ಟಿಯಲ್ಲಿ ಬೆಳೆಸಿ ಮೊದಲು ಅದನ್ನೇ ತಿನ್ನಿಸಬೇಕು. ಆ ತೊಟ್ಟಿ ಕೊಳಕಾಗಿದ್ದರೆ ರೋಗ ತಿಂಡಿಯ ಜೊತೆಗೇ ಮರಿಯ ಹೊಟ್ಟೆ ಸೇರುತ್ತದೆ. ನಮ್ಮಲ್ಲಿ ಆದದ್ದು ಅದೇ. ಸತ್ತ ಮರಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಕರುಳಿನಲ್ಲಿ ತಿಂಡಿ ಇರಲಿಲ್ಲ, ಬ್ಯಾಕ್ಟೀರಿಯಾ ಕುದಿಯುತ್ತಿದ್ದವು. ವಿಬ್ರಿಯೋ ಜಾತಿಯವು. ಉಪ್ಪುನೀರಿನಲ್ಲಿ ಯಾವಾಗಲೂ ಅಷ್ಟಿಷ್ಟು ಇರುವಂಥವೇ, ಜಾಗ ಸಿಕ್ಕರೆ ಸಾಕು, ಒಂದೇ ದಿನದಲ್ಲಿ ನೀರನ್ನೆಲ್ಲ ತಮ್ಮದು ಮಾಡಿಕೊಳ್ಳುತ್ತವೆ.

"ಇನ್ನೊಂದು ಸಲ ನೋಡೂಣು" ಅಂದರು ಸಾಹುಕಾರರು. "ಇದೂ ಹೋತಂದ್ರ ಶೆಡ್ಡಿಗೆ ಕೀಲಿ ಹಾಕೂದ ನೋಡ್ರಿ."

ಅವತ್ತಿನಿಂದ ನಾನು ತೊಳೆಯುವುದಕ್ಕೆ ಶುರುಮಾಡಿದೆ. ತೊಳೆಯುವುದು ಅಂದರೆ ಹುಚ್ಚು ಹಿಡಿದ ಹಾಗೆ. ಬರುವ ನೀರಿಗೆಲ್ಲ ಬ್ಲೀಚಿಂಗ್ ಪುಡಿ, ಆಮೇಲೆ ಅದರ ಖಾರ ಇಳಿಸುವ ಔಷಧಿ. ಬಾಗಿಲಲ್ಲಿ ಔಷಧಿ ನೀರು ತುಂಬಿದ, ಕಾಲು ಅದ್ದುವ ತಟ್ಟೆ. ಒಂದೊಂದು ತೊಟ್ಟಿಗೂ ಒಂದೊಂದು ಬಣ್ಣದ ಹಿಡಿಕೆಯ ಬಲೆ, ಕೆಂಪಿನದು ನೀಲಿಯ ತೊಟ್ಟಿಗೆ ಇಳಿಯುವಂತಿಲ್ಲ. ರೋಟಿಫರುಗಳನ್ನು ಸಣ್ಣ ಜಾಲರಿಯಲ್ಲಿ ಹಿಡಿದು ಶುದ್ಧ ಉಪ್ಪುನೀರಿನಲ್ಲಿ ಮೂರು ಸಲ ತೊಳೆದೇ ಮರಿಗಳಿಗೆ ಹಾಕುವುದು. ಕಾಕಾ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಆದರೆ ಪ್ರತಿಯೊಂದಕ್ಕೂ ನನ್ನನ್ನು ಕೇಳುತ್ತಿದ್ದರು. "ಮೇಡಂ, ಈ ಬಕೆಟ್ಟೂ ತೊಳೀಲೇನ್ರಿ? ಈ ನಳಿಗಿ?" ಒಂದು ದಿನ ತಲೆ ಕೆಟ್ಟು ರೇಗಿಬಿಟ್ಟೆ: "ಕಾಕಾ, ಕೇಳೂದ ಬ್ಯಾಡ್ರಿ. ಕಣ್ಣಿಗೆ ಕಂಡದ್ದೆಲ್ಲಾ ತೊಳೀರಿ." ಅವರು ನಕ್ಕು, "ನೀವೂ ತೊಟ್ಟಿ ಮುಂದ ಭಾಳೊತ್ತು ನಿಂದರಬ್ಯಾಡ್ರಿ ಮತ್ತ, ನಿಮ್ಮನ್ನೂ ತೊಳದೇನು" ಅಂದರು. ನನಗೂ ನಗು ಬಂತು.

ತೊಳೆಯಬಾರದ ಜಾಗ ಶೆಡ್ಡಿನಲ್ಲಿ ಒಂದೇ ಒಂದು ಇತ್ತು. ಮೂಲೆಯಲ್ಲಿ ಫಿಲ್ಟರಿನ ದೊಡ್ಡ ನೀಲಿ ಡ್ರಮ್ಮು, ಅದರ ತುಂಬ ಗಾಲಿಯ ಆಕಾರದ ಸಣ್ಣ ಪ್ಲಾಸ್ಟಿಕ್ ತುಂಡುಗಳು. ಮರಿಗಳ ತೊಟ್ಟಿಯ ನೀರು ಈ ಡ್ರಮ್ಮಿಗೆ ಬಂದು, ತುಂಡುಗಳ ನಡುವೆ ಹಾದು ವಾಪಸು ಹೋಗುತ್ತದೆ. ವಾರಗಳು ಕಳೆದಂತೆ ತುಂಡುಗಳ ಮೇಲೆ ಕಂದು ಬಣ್ಣದ ಲೋಳೆ ಕೂರುತ್ತದೆ. ನೋಡಿದರೆ ಹೇಸಿಗೆ ಬರಬೇಕು. ಆ ಲೋಳೆಯೇ ಬೇಕಾದದ್ದು. ಅದು ನಿರುಪದ್ರವಿ ಬ್ಯಾಕ್ಟೀರಿಯಾಗಳ ಸಂಸಾರ. ಮರಿಗಳ ಹೊಲಸನ್ನು ಅವು ಕರಗಿಸುತ್ತವೆ, ನೀರಿನಲ್ಲಿ ತಾವೇ ತುಂಬಿಕೊಂಡು ವಿಬ್ರಿಯೋಗೆ ಜಾಗ ಬಿಡುವುದಿಲ್ಲ. ಇದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಎರಡು ಪುಟ ಬರೆದು ಪಾಸಾದವಳು ನಾನು. ಕಾಕಾನಿಗೆ ಮಾತ್ರ ಒಂದು ದಿನವೂ ಹೇಳಿರಲಿಲ್ಲ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದ ನನ್ನ ಪಟ್ಟಿಯಲ್ಲೂ ತೊಳೆಯಬೇಕಾದದ್ದೆಲ್ಲ ಇತ್ತು, ತೊಳೆಯಬಾರದ್ದು ಇರಲಿಲ್ಲ.

ಎರಡನೆಯ ಸಲದ ಮರಿಗಳು ಚೆನ್ನಾಗಿ ಬಂದವು. ಮೂರನೆಯ ದಿನ ಬಾಯಿ ತೆರೆದವು, ಆರನೆಯ ದಿನಕ್ಕೆ ಹೊಟ್ಟೆ ತುಂಬ ತಿಂಡಿ. ಹತ್ತು ದಿನ ದಾಟಿದಾಗ ಕಾಕಾ ಬೆರಳು ಎಣಿಸಿ, "ಹೋದ ಸಲ ಇಷ್ಟೊತ್ತಿಗೆ ಏನೂ ಇರಲಿಲ್ರಿ" ಅಂದರು. ಹನ್ನೆರಡನೆಯ ದಿನಕ್ಕೆ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು.

ತಾರಿಹಾಳದಲ್ಲಿ ಖಂಡೇಪೂಜೆ ಅಂದರೆ ಸುಮ್ಮನೆ ಅಲ್ಲ. ವರ್ಷವಿಡೀ ಎಣ್ಣೆ ಮೆತ್ತಿಕೊಂಡ ಲೇತುಗಳನ್ನೂ ಆವತ್ತು ಬಿಚ್ಚಿ, ಸೀಮೆಎಣ್ಣೆಯಲ್ಲಿ ಉಜ್ಜಿ, ಹೊಳೆಯುವಂತೆ ಮಾಡಿಯೇ ಹೂ ಏರಿಸುತ್ತಾರೆ. ಕೊಳಕು ಮಷೀನಿಗೆ ಪೂಜೆ ಮಾಡಿದರೆ ಅದಕ್ಕೆ ಅವಮಾನ. ಈ ಕೆಲಸದಲ್ಲಿ ಕಾಕಾನದು ಎತ್ತಿದ ಕೈ. ಪೂಜೆ ಮಾಡುವವರು ಸಾಹುಕಾರರು, ಪೂಜೆಗೆ ಸಜ್ಜು ಮಾಡುವವರು ಕಾಕಾ, ಅವರು ಕೆಲಸ ಮಾಡಿದ ಕಾರ್ಖಾನೆಗಳಲ್ಲೆಲ್ಲ ಹಾಗೇ ನಡೆದು ಬಂದಿತ್ತು. ನಾನು ಹಿಂದಿನ ದಿನವೇ ಹಬ್ಬಕ್ಕೆಂದು ಹೆಬ್ಬಳ್ಳಿಗೆ ಹೋದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಕಾಕಾ, ಸಾಹುಕಾರ್ರ ಮನ್ಯಾವ್ರೆಲ್ಲಾ ಬರ್ತಾರ, ಶೆಡ್ಡು ಲಕಲಕ ಅನ್ನಬೇಕ್ರಿ" ಅಂತ ಹೇಳಿದ್ದೂ ನಾನೇ.

ಪೂಜೆಯ ದಿನ ಬೆಳಿಗ್ಗೆ ಫೋನ್ ಬಂತು. ನಾನು ಅವ್ವನ ಜೊತೆ ಹೋಳಿಗೆ ತಟ್ಟುತ್ತಿದ್ದೆ. ಕೈಗೆ ಹೂರಣ ಮೆತ್ತಿತ್ತು, ಫೋನು ಭುಜಕ್ಕೂ ಕಿವಿಗೂ ನಡುವೆ.

"ಮೇಡಂ, ಮೂಲ್ಯಾಗಿನ ನೀಲಿ ಡ್ರಮ್ಮಿನಾಗ ಪ್ಲಾಸ್ಟಿಕ್ ತುಂಡಿಗೆಲ್ಲಾ ಲೋಳಿ ಹಿಡದೈತ್ರಿ. ಅದನ್ನೂ ತೊಳೀಲೇನ್ರಿ?"

"ಕಾಕಾ, ಎಲ್ಲಾ ತೊಳೀರಿ ಅಂತ ಎಷ್ಟ್ ಸಲ ಹೇಳ್ಬೇಕ್ರಿ?"

"ಹೂನ್ರಿ, ಆತು" ಅಂದು ಇಟ್ಟರು.

ಗದ್ದಲದಲ್ಲಿ ಕೇಳಿಸಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಡ್ರಮ್ಮು, ಲೋಳೆ, ಎಲ್ಲ ಕೇಳಿಸಿತ್ತು. ಕಿವಿಯೊಳಗೆ ಹೋದ ಮಾತು ತಲೆಯವರೆಗೆ ಹೋಗಲಿಲ್ಲ, ಅಷ್ಟೇ. ಹಬ್ಬದ ದಿನವೂ ಬಿಡಲಿಲ್ಲವಲ್ಲ ಅನ್ನುವ ಕಿರಿಕಿರಿಯಲ್ಲಿದ್ದೆ. ಬೇಕಾದರೆ ಆಗ ಐದು ನಿಮಿಷಕ್ಕೆ ತಿರುಗಿ ಫೋನು ಮಾಡಬಹುದಿತ್ತು. ನಾನು ಮುಂದಿನ ಹೋಳಿಗೆ ತಟ್ಟಿದೆ.

ಮರುದಿನ ದಸರೆ. ಮಧ್ಯಾಹ್ನ ಶೆಡ್ಡಿಗೆ ಬಂದೆ. ಬಾಗಿಲಿಗೆ ಚೆಂಡುಹೂವಿನ ಮಾಲೆ, ಪಂಪುಗಳಿಗೆ ವಿಭೂತಿಯ ಮೂರು ಗೆರೆ. ಗಾಳಿ ಊದುವ ಮಷೀನನ್ನು ಮಾತ್ರ ಕಾಕಾ ನಿಲ್ಲಿಸಲು ಬಿಟ್ಟಿರಲಿಲ್ಲವಂತೆ. "ಅದು ನಿಂತ್ರ ಮಕ್ಳ ಉಸಿರ ನಿಲ್ತೈತಿ" ಅಂತ ಹಟ ಹಿಡಿದು, ಓಡುವ ಮಷೀನಿಗೇ ಮಾಲೆ ಹಾಕಿಸಿದ್ದರು. ಅವರು ಹೊಸ ಅಂಗಿ ಹಾಕಿಕೊಂಡು, ಕೈಯಲ್ಲಿ ಬನ್ನಿ ಎಲೆ ಹಿಡಿದು ಎದುರು ಬಂದರು. "ಬನ್ನಿ ತಗೋರಿ ಮೇಡಂ, ಬಂಗಾರದಂಗ ಇರೂಣು." ನಾನು ಕೈ ಚಾಚಿದೆ. ಅವರ ಭುಜದ ಹಿಂದೆ ಡ್ರಮ್ಮು ಕಾಣಿಸಿತು. ಒಳಗಿನ ತುಂಡುಗಳು ಹೊಸದಾಗಿ ಅಂಗಡಿಯಿಂದ ತಂದ ಹಾಗೆ ಬೆಳ್ಳಗಿದ್ದವು.

"ಕಾಕಾ... ಇದನ್ನ ಏನ್ ಮಾಡಿದ್ರಿ?"

"ಬ್ಲೀಚಿಂಗಿನಾಗ ನೆನೆ ಹಾಕಿ, ಒಂದೊಂದನ್ನ ಬ್ರಷ್ಷಿಲೆ ತಿಕ್ಕೇನ್ರಿ. ಮಧ್ಯಾಹ್ನದ ತನಕ ಅದ ಕೆಲಸ." ಅವರ ಮುಖದಲ್ಲಿ ಹಬ್ಬವಿತ್ತು.

ಬನ್ನಿ ಎಲೆ ನನ್ನ ಕೈಯಲ್ಲೇ ಮುದುಡಿತು.

ಆವತ್ತು ಮರಿಗಳು ಚೆನ್ನಾಗೇ ಇದ್ದವು. ಮರುದಿನ, ಮರಿಗಳ ಹೊಲಸಿನಿಂದ ಏಳುವ ಅಮೋನಿಯಾ ವಿಷವನ್ನು ನೋಡುವ ನಳಿಕೆಯಲ್ಲಿ ಬಣ್ಣ ಗಾಢವಾಯಿತು. ನೀರು ಬದಲಿಸೋಣವೆಂದರೆ ನನ್ನ ಹತ್ತಿರ ಇದ್ದದ್ದೆಲ್ಲ ಬ್ಲೀಚಿಂಗ್ ಹಾಕಿ ಶುದ್ಧ ಮಾಡಿದ ನೀರು, ಅಂದರೆ ಯಾವ ಜೀವವೂ ಇಲ್ಲದ ನೀರು. ಬೇರೆ ದಾರಿ ಕಾಣದೆ ಅದನ್ನೇ ಬಿಟ್ಟೆ. ಕಾಸಿದ ಹಾಲಿಗೆ ಹೆಪ್ಪು ಹಾಕದೆ ಬಾಯಿ ತೆರೆದಿಟ್ಟಂತಾಯಿತು. ಹೆಪ್ಪಿಲ್ಲದ ಹಾಲಿಗೆ ಯಾವುದು ಮೊದಲು ಬೀಳುತ್ತದೋ ಅದರದೇ ರಾಜ್ಯ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಗಾಜಿನ ತಟ್ಟೆಯಲ್ಲಿ ಹಚ್ಚಿಟ್ಟ ನೀರಿನ ಹನಿಯಲ್ಲಿ ಮರುದಿನ ಹಳದಿ ಚುಕ್ಕೆಗಳು ಒಂದರ ಮೇಲೊಂದು ಹತ್ತಿಕೊಂಡು ಬೆಳೆದಿದ್ದವು. ಎಣಿಸಲೂ ಆಗದಷ್ಟು ವಿಬ್ರಿಯೋ.

ಮರಿಗಳು ಮೊದಲು ತಿಂಡಿ ಬಿಟ್ಟವು. ಆಮೇಲೆ ಮೈ ಕಪ್ಪಾಗಿ ತಮ್ಮ ಸುತ್ತ ತಾವೇ ಗಿರಗಿರ ತಿರುಗತೊಡಗಿದವು. ಕಾಕಾ ಟಾರ್ಚು ಹಿಡಿದು ಅವುಗಳನ್ನೇ ನೋಡುತ್ತ ನಿಂತಿದ್ದರು. "ಆಡಾಕತ್ತಾವೇನ್ರಿ ಮೇಡಂ?" ಅಂತ ಕೇಳಿದರು. ಅಲ್ಲ ಅಂದೆ. ದಸರೆಯಾಗಿ ನಾಲ್ಕನೆಯ ದಿನ ತಳದಲ್ಲಿ ಬೂದಿ ಸುರಿದ ಹಾಗೆ ಬಿದ್ದಿದ್ದವು. ನಳಿಕೆ ಇಟ್ಟು ಎಳೆದು ಬಕೆಟ್ಟಿಗೆ ತುಂಬಿದ್ದು ಕಾಕಾನೇ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ.

ಆ ಮಧ್ಯಾಹ್ನ ಸಾಹುಕಾರರು ಬಂದರು. ಖಾಲಿ ತೊಟ್ಟಿಯಲ್ಲಿ ಬಗ್ಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆಂಗಾತ್ರಿ ಇದು?" ಅಂದರು.

"ಕಾಕಾ ಫಿಲ್ಟರ್ ತೊಳದಾರ್ರಿ. ಬ್ಲೀಚಿಂಗ್ ಹಾಕಿ. ಅದನ್ನ ತೊಳೀಬಾರದಿತ್ರಿ."

ಅಷ್ಟೇ ಹೇಳಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಅಂತ ಆಮೇಲೆ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ.

ಸಾಹುಕಾರರು ಕಾಕಾನ ಕಡೆ ತಿರುಗಿದರು. "ಯಾರ್ನ ಕೇಳಿ ತೊಳದಿ?"

ಕಾಕಾ ನನ್ನ ಕಡೆ ಒಂದು ಸಲ ನೋಡಿದರು. ಒಂದೇ ಸಲ. ನಾನು ಮೇಜಿನ ಮೇಲಿದ್ದ ತಟ್ಟೆಗಳನ್ನು ಜೋಡಿಸತೊಡಗಿದೆ. "ನಂದ ತಪ್ಪಾತ್ರಿ ಸಾಹುಕಾರ್ರ" ಅಂದರು ಅವರು.

"ವಯಸ್ಸಾತು ನಿನಗ. ಇನ್ನ ಶೆಡ್ಡಿನ ಕೆಲಸ ಬ್ಯಾಡ. ಪೈಪ ಗೀಪ ಕೆಟ್ರ ಹೇಳಿ ಕಳಸ್ತೇನಿ."

ಕಾಕಾ ಎಪ್ರನ್ ಬಿಚ್ಚಿ, ಮಡಚಿ, ಗೂಟಕ್ಕೆ ಹಾಕಿದರು. ನಟ್ಟು ತಿರುಗಿಸುವ ಸ್ವಂತದ ಎರಡು ಪಾನಾ ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ಕಾಲು ಅದ್ದುವ ತಟ್ಟೆ ಇತ್ತಲ್ಲ, ಒಳಗೆ ಬರುವವರು ಅದ್ದಬೇಕಾದದ್ದು. ಹೊರಗೆ ಹೋಗುವಾಗಲೂ ರೂಢಿಯಂತೆ ಅದರಲ್ಲಿ ಕಾಲಿಟ್ಟು ಹೋದರು.

ಶೆಡ್ಡಿಗೆ ಕೀಲಿ ಬೀಳಲಿಲ್ಲ. ಯಾಕೆಂದರೆ ತಪ್ಪು ಮನುಷ್ಯನದು, ಆ ಮನುಷ್ಯ ಹೋದ, ಇನ್ನು ಮುಂದೆ ಆಗಲಾರದು ಅಂತ ಸಾಹುಕಾರರಿಗೆ ಅನಿಸಿತು. "ಕಡೀ ಸಲ" ಅಂದರು. ತಪ್ಪು ಕಾಕಾನ ತಲೆಗೆ ಬಂದದ್ದರಿಂದಲೇ ನನ್ನ ಕೆಲಸ ಉಳಿದಿತ್ತು. ಇದನ್ನು ತಿಳಿದುಕೊಂಡೇ ನಾನು ದಿನಾ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೂ ತೆರೆಯುತ್ತಿದ್ದೆ.

ಮುಂದಿನ ಮರಿಗಳಿಗೆ ಮರಿಕೇಂದ್ರದವರು ಹದಿನೈದು ದಿನದೊಳಗಿನ ತಾರೀಖು ಕೊಟ್ಟರು. ಸಾಹುಕಾರರು ತಗೊಂಡುಬಿಡೋಣ ಅಂದರು. ನಾನು ಬೇಡವೆಂದೆ. "ನೀರು ಇನ್ನ ಹಣ್ಣಾಗಿಲ್ರಿ" ಅಂದೆ. ಅವರಿಗೆ ಅರ್ಥವಾಗಲಿಲ್ಲ, ಹೆಪ್ಪಿನ ಮಾತು ಹೇಳಿದ ಮೇಲೆ ಆಯಿತು. ಮರಿ ಇಲ್ಲದ ತೊಟ್ಟಿಗೆ ನೀರು ತುಂಬಿ, ದಿನಾ ಚಿಟಿಕೆ ಮೀನಿನ ಆಹಾರ ಉದುರಿಸಿ, ಡ್ರಮ್ಮಿನ ಮೂಲಕ ನೀರು ಸುತ್ತಿಸುತ್ತ ಲೋಳೆ ಹಿಡಿಯುವುದನ್ನೇ ಕಾಯುವುದು ಅಂತ ನಿರ್ಧರಿಸಿದೆ. ನೋಡಿದವರು ಖಾಲಿ ತೊಟ್ಟಿಗೆ ಉಣಬಡಿಸುತ್ತಾಳೆ ಅಂತ ನಕ್ಕರು. ಬ್ಲೀಚಿಂಗ್ ಇನ್ನು ಹೊರಗಿನಿಂದ ಬರುವ ನೀರಿಗೆ ಮಾತ್ರ. ಶುದ್ಧ ಮಾಡಿದ ನೀರೂ ಡ್ರಮ್ಮಿನ ಜೊತೆ ನಾಲ್ಕಾರು ದಿನ ಸುತ್ತಿ ಬಂದ ಮೇಲೆಯೇ ಮರಿಗಳ ಕಡೆ ಹೋಗಬೇಕು. ತಿಂಡಿ ತೊಳೆಯುವುದು, ಬೇರೆ ಬೇರೆ ಬಲೆ, ಅವೆಲ್ಲ ಮೊದಲಿನ ಹಾಗೇ.

ಎರಡು ವಾರವಾದರೂ ತುಂಡುಗಳು ಬೆಳ್ಳಗೇ ಇದ್ದವು. ನನ್ನ ತಾಳ್ಮೆ ಎಂಥದ್ದು ಅಂತ ಮೊದಲೇ ಹೇಳಿದ್ದೇನೆ. ಒಂದು ಬೆಳಿಗ್ಗೆ ನೀರಿನ ಓಟ ಸಣ್ಣದಾಗಿದೆ ಅನಿಸಿ, ಡ್ರಮ್ಮಿನ ಹಿಂದಿನ ಪೈಪು ನೋಡಹೋದೆ. ಕಾಕಾ ಎಲ್ಲ ತಿರುವಿಗೂ ಬಿಚ್ಚಿ ಕೂಡಿಸುವಂಥ ಜೋಡಣೆ ಹಾಕಿದ್ದರು. "ಮುಂದ ನಾ ಇಲ್ದಾಗ ನಿಮಗ ಬಿಚ್ಚಾಕ ಬರಬೇಕಲ್ರಿ" ಅಂತ ಹಾಕುವಾಗಲೇ ಹೇಳಿದ್ದರು. ಬರಿಗೈಯಲ್ಲಿ ತಿರುಗಿಸಿದೆ, ಬಿಚ್ಚಿತು. ಮೊಣಕೈಯಂತೆ ಬಾಗಿದ ಆ ತುಂಡಿನೊಳಗೆ ಬೆರಳು ಹಾಕಿದರೆ ಮೆತ್ತಗೆ ತಾಗಿತು. ಕಂದು ಲೋಳೆ. ಬ್ರಷ್ಷು ಹೋಗದ ಜಾಗದಲ್ಲಿ ಹಳೆಯದು ಉಳಿದುಕೊಂಡಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆಮೇಲೆ ಅದನ್ನು ಚಮಚದಲ್ಲಿ ಕೆರೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ತಟ್ಟೆಗೆ ಹಚ್ಚಿ, ವಿಬ್ರಿಯೋ ಹೆಚ್ಚಿಲ್ಲ ಅಂತ ಖಾತ್ರಿಯಾದ ಮೇಲೆ ಡ್ರಮ್ಮಿಗೆ ಬಿಟ್ಟೆ. ಹತ್ತು ದಿನಕ್ಕೆ ತುಂಡುಗಳ ಮೈ ಕಂದು ಬಣ್ಣಕ್ಕೆ ತಿರುಗಿತು.

ಮೂರನೆಯ ಸಲದ ಮರಿಗಳು ಆಮೇಲೆ ಬಂದವು. ಹನ್ನೆರಡನೆಯ ದಿನ ದಾಟುವಾಗ ನನಗೆ ಊಟ ಸೇರಲಿಲ್ಲ. ಹದಿಮೂರು, ಹದಿನಾಲ್ಕು. ನಡುವೆ ಒಂದಿಷ್ಟು ಸತ್ತವು, ಸಾಯುವಷ್ಟೇ ಸತ್ತವು. ಇಪ್ಪತ್ತು ದಾಟಿದ ಮೇಲೆ ಒಣ ಆಹಾರ ಕಚ್ಚಿದವು. ಒಂದೂವರೆ ತಿಂಗಳಿಗೆ ಬೆರಳುದ್ದವಾಗಿ, ಕೈ ತೋರಿಸಿದರೆ ಒಟ್ಟಾಗಿ ಮೇಲೆ ಬರುವಂತಾದವು. ಸಾಹುಕಾರರು ಮನೆಯವರನ್ನೆಲ್ಲ ಕರೆತಂದು ತೋರಿಸಿದರು. "ಇದು ನಮ್ಮ ಮೇಡಂ ಕೈಗುಣ" ಅಂದರು.

ಎಲ್ಲರೂ ಹೋದ ಮೇಲೆ ಅವರನ್ನು ನಿಲ್ಲಿಸಿ ಫೋನಿನ ಮಾತು ಹೇಳಿದೆ. ಹೂರಣದ ಕೈ, ನಾನಂದ ಮಾತು, ಎಲ್ಲ ಹೇಳಿದೆ. ಅವರು ತೊಟ್ಟಿಯ ಅಂಚು ಹಿಡಿದುಕೊಂಡರು.

"ಆವತ್ತ ಯಾಕ ಹೇಳ್ಲಿಲ್ರಿ?"

ಆವತ್ತು ಹೇಳಿದ್ದರೆ ನನಗೆ ನಷ್ಟವಿತ್ತು, ಈಗ ಇಲ್ಲ. ಇಷ್ಟು ಸರಳ ಇದು. ಅವರಿಗೂ ತಿಳಿಯಿತೆಂದು ಕಾಣುತ್ತದೆ, ಮತ್ತೆ ಕೇಳಲಿಲ್ಲ. "ಹೋಗಿ ಕರ್ಕೊಂಡ ಬರ್ರಿ" ಅಂದರು.

ಕಾಕಾ ಗೋಕುಲ ರಸ್ತೆಯಲ್ಲಿ ಅಳಿಯನ ಅಂಗಡಿಯಲ್ಲಿದ್ದಾರೆಂದು ಗೊತ್ತಿತ್ತು. ಇಷ್ಟು ದಿನ ಆ ರಸ್ತೆಯಲ್ಲಿ ಹೋಗುವಾಗ ನಾನು ಬಸ್ಸಿನ ಆಚೆ ಬದಿಗೆ ಕೂರುತ್ತಿದ್ದೆ. ಆ ದಿನ ಒಂದು ಚೀಲದಲ್ಲಿ ನಾಲ್ಕು ಮರಿ, ಒಂದು ಡಬ್ಬಿಯಲ್ಲಿ ಉಪ್ಪುನೀರು ಹಾಕಿ ಲೋಳೆ ಹಿಡಿದ ಒಂದು ಪ್ಲಾಸ್ಟಿಕ್ ತುಂಡು ತೆಗೆದುಕೊಂಡು ಹೋದೆ. ಅವರು ಕೆಳಗೆ ಕೂತು ಕೂಲರಿನ ಮೋಟಾರಿಗೆ ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ಬರ್ರಿ ಮೇಡಂ, ಕುಂದರ್ರಿ" ಅಂದು ಸ್ಟೂಲು ಒರೆಸಿಕೊಟ್ಟರು. ಮರಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಮಾಶಾಅಲ್ಲಾ. ಮೀಸಿ ಬರೂದೊಂದ ಬಾಕಿ ನೋಡ್ರಿ" ಅಂದರು. ನನಗೆ ನಗಲಾಗಲಿಲ್ಲ.

"ಕಾಕಾ, ಸಾಹುಕಾರ್ರಿಗೆ ಹೇಳೇನ್ರಿ. ಆವತ್ತ ಫೋನಿನಾಗ ನೀವು ಕೇಳಿದ್ರಿ, ನಾನ ತೊಳೀರಿ ಅಂದಿದ್ದೆ. ತಪ್ಪು ನಂದ್ರಿ."

ಅವರು ಮರಿಗಳ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನೀವ ಹೇಳಿದ್ರಿ ಅನ್ನೂದು ನನಗ ಗೊತ್ತಿತ್ರಿ ಮೇಡಂ. ನಿಮಗ ಗೊತ್ತೈತೋ ಇಲ್ಲೋ ಅಂತ ಇಷ್ಟ ದಿನ ನೋಡಾಕತ್ತಿದ್ದೆ."

ಅಂಗಡಿಯ ಮುಂದೆ ಒಂದು ಲಾರಿ ಹೋಯಿತು. ಆಮೇಲೆ, "ಶೆಡ್ಡಿಗೆ ಬರ್ರಿ ಕಾಕಾ, ಸಾಹುಕಾರ್ರೂ ಹೇಳ್ಯಾರ" ಅಂದೆ.

"ಬ್ಯಾಡ್ರಿ" ಅಂದರು. ಸಿಟ್ಟಿನಿಂದಲ್ಲ. "ಈ ಕೈಗೆ ಅಂಜಿಕಿ ಕುಂತೈತ್ರಿ. ಅಲ್ಲೆ ಯಾವುದು ತೊಳಿಯೂದು, ಯಾವುದು ಬಿಡೂದು ಅಂತ ಇನ್ನ ನನಗ ತಿಳಿಯಾಂಗಿಲ್ಲ. ಮೋಟಾರಿನಾಗ ಜೀವ ಇರೂದಿಲ್ಲ, ನನಗ ಇದ ಛಲೋ."

ನಾನು ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಕಂದು ಲೋಳೆಯ ಆ ಸಣ್ಣ ಗಾಲಿ ನೀರಿನಲ್ಲಿ ಓಲಾಡುತ್ತಿತ್ತು. ನಾಲ್ಕು ತಿಂಗಳ ಹಿಂದೆ ಹೇಳಬೇಕಾದದ್ದನ್ನು ಅಲ್ಲಿ ಕೂತು ಹೇಳಿದೆ: ಇದು ಹೊಲಸಲ್ಲ, ಇದರಲ್ಲಿ ಜೀವ ಇದೆ, ಮಕ್ಕಳನ್ನು ಕಾಯುವುದು ಇದೇ. ಅವರು ಪೂರ್ತಿ ಕೇಳಿಸಿಕೊಂಡರು. ಅಂಗೈ ಪ್ಯಾಂಟಿಗೆ ಒರೆಸಿಕೊಂಡು ಬೆರಳನ್ನು ಡಬ್ಬಿಯ ತನಕ ತಂದರು.

"ಮುಟ್ಟಿದ್ರ ಸಾಯ್ತಾವೇನ್ರಿ?"

"ಇಲ್ಲ ಕಾಕಾ. ಮುಟ್ರಿ."

ಅವರು ಬೆರಳು ಹಿಂದಕ್ಕೆ ತೆಗೆದುಕೊಂಡರು. ಮುಚ್ಚಳವನ್ನು ಸದ್ದಾಗದಂತೆ ಹಾಕಿ, ಡಬ್ಬಿಯನ್ನು ನನ್ನ ಕಡೆ ಸರಿಸಿದರು.